ಸಿಲಿಂಡರಿನ ಮೇಲಿನ ಗೀರುಗಳು

ನಾನು ಬರೆದ ಒಂದು ದೂರಿನಿಂದಾಗಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬ ಕೆಲಸ ಕಳೆದುಕೊಂಡ. ಆ ದೂರಿನ ಭಾಷೆ ಚೆನ್ನಾಗಿತ್ತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿತದ್ದನ್ನೆಲ್ಲ ಅದರಲ್ಲಿ ಸುರಿದಿದ್ದೆ: ಲೋಪ ಯಾವ ಹಂತದಲ್ಲಿ ಆಯಿತು, ಹೊಣೆ ಯಾರದು, ಉತ್ತರ ಕೊಡಬೇಕಾದವರು ಯಾರು. ಓದಿದವರು ಮೆಚ್ಚಿದರು, ಹಂಚಿದರು. ಆದರೆ ಅದರ ಮುಖ್ಯ ಆರೋಪವೇ ಸುಳ್ಳಾಗಿತ್ತು. ಯಂತ್ರವನ್ನು ಕೆಡಿಸಿದ ಕೈ ನನ್ನದೇ ಆಗಿತ್ತು. ಅದು ತಿಳಿದ ಮೇಲೆ ಆತನ ಕೆಲಸವನ್ನು ಆತನಿಗೆ ಮರಳಿ ಕೊಡಿಸಲು ನಾನು ಮಾಡಿದ ಪ್ರಯತ್ನ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರ ತಪ್ಪನ್ನು ಬರೆಯುವಾಗ ತೋರಿದ ಶ್ರದ್ಧೆಯನ್ನು ನನ್ನ ತಪ್ಪಿಗೂ ತೋರಬೇಕು ಎಂಬುದಷ್ಟೇ ಈಗ ಉಳಿದಿರುವ ಹಟ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಗೆ ಸೇರಿದ್ದು. ಅಪ್ಪ ರಾಗಿ, ಜೋಳ ಬೆಳೆಯುತ್ತಾರೆ. ಹಿಂದಿನ ವರ್ಷವಷ್ಟೇ ಕೊಂಡ ಟ್ರ್ಯಾಕ್ಟರಿನಲ್ಲಿ ನಮ್ಮ ಹೊಲವನ್ನೂ ಅಕ್ಕಪಕ್ಕದವರ ಹೊಲಗಳನ್ನೂ ಉಳುತ್ತಾರೆ. ಹಳೆಯ ಟ್ರ್ಯಾಕ್ಟರುಗಳ ಸ್ಟೀರಿಂಗ್ ತಿರುಗಿಸಲು ತೋಳಿನ ಬಲ ಬೇಕಿತ್ತು. ಇದಕ್ಕೆ ಬೇಡ. ಮುಂದಿನ ಎರಡು ಚಕ್ರಗಳ ನಡುವೆ ಮೊಳದುದ್ದದ ಕಬ್ಬಿಣದ ಕೊಳವೆಯೊಂದು ಅಡ್ಡಲಾಗಿ ಮಲಗಿರುತ್ತದೆ. ಅದೇ ಸ್ಟೀರಿಂಗ್ ಸಿಲಿಂಡರ್. ಚಾಲಕ ಸ್ಟೀರಿಂಗನ್ನು ಬೆರಳಿನಿಂದ ತಿರುವಿದರೂ ಸಾಕು, ಎಣ್ಣೆ ಒತ್ತಡದಿಂದ ಆ ಕೊಳವೆಯೊಳಕ್ಕೆ ನುಗ್ಗಿ ಒಂದು ದಪ್ಪ ರಾಡನ್ನು ಹೊರಕ್ಕೆ ತಳ್ಳುತ್ತದೆ, ಇಲ್ಲವೇ ಒಳಕ್ಕೆ ಎಳೆಯುತ್ತದೆ. ಟ್ರ್ಯಾಕ್ಟರ್ ತಿರುಗುತ್ತದೆ. ರಾಡಿನ ಮೈಮೇಲೆ ಕ್ರೋಮಿನ ಲೇಪನವಿದ್ದು ಕನ್ನಡಿಯಂತೆ ನುಣುಪಾಗಿರುತ್ತದೆ. ಅದು ಹೊರಬರುವ ಬಾಯಲ್ಲಿ ರಬ್ಬರಿನ ಸೀಲು ಕೂತು ಎಣ್ಣೆಯನ್ನು ತಡೆಯುತ್ತದೆ. ಈ ನುಣುಪು ಹೋದರೆ ಸೀಲು ಹರಿಯುತ್ತದೆ, ಎಣ್ಣೆ ಸೋರುತ್ತದೆ. ಇಷ್ಟನ್ನು ನಾನು ಕಲಿತದ್ದು ಎಲ್ಲ ಮುಗಿದ ಮೇಲೆ.

ಆಯುಧ ಪೂಜೆಯ ಮುನ್ನಾದಿನ ಮನೆಯ ಕಬ್ಬಿಣವನ್ನೆಲ್ಲ ಬೆಳಗುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಹಳೆಯ ಇಟ್ಟಿಗೆಯೊಂದನ್ನು ಕುಟ್ಟಿ, ಪಂಚೆಯ ತುಂಡಿನಲ್ಲಿ ಸೋಸಿ, ಆ ಪುಡಿಗೆ ನೆನೆಸಿದ ಹುಣಸೆಹಣ್ಣು ಸೇರಿಸಿ, ತೆಂಗಿನ ನಾರಿನಿಂದ ಉಜ್ಜುವುದು. ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆ ಎಲ್ಲವೂ ಬಿಳುಪೇರಬೇಕು. ತುಕ್ಕು ಹಿಡಿದ ಕಬ್ಬಿಣಕ್ಕೆ ಅಮ್ಮ ಕುಂಕುಮ ಇಡುವುದಿಲ್ಲ. ಆ ವರ್ಷ ನಾನು ಪರೀಕ್ಷೆ ಮುಗಿಸಿ ಮನೆಗೆ ಬಂದಿದ್ದೆ. ಬೆಳಗುವ ಕೆಲಸ ನನ್ನ ಪಾಲಿಗೆ ಬಂತು.

"ಟ್ರ್ಯಾಕ್ಟ್ರು ಆಯುಧ ಅಲ್ವೇನೆ? ಅದರ ಮೂತಿ ನೋಡು, ಕೆಸರಲ್ಲಿ ಹೊಳ್ಳಾಡಿದ ಎಮ್ಮೆ ಇದ್ದಂಗಿದೆ" ಎಂದರು ಅಮ್ಮ.

ನಾನು ಟ್ರ್ಯಾಕ್ಟರಿನ ಕೆಳಗೆ ಗೋಣಿ ಹಾಸಿಕೊಂಡು ಮಲಗಿದೆ. ಸಿಲಿಂಡರಿನ ರಾಡಿನ ಮೇಲೆ ಒಣಗಿದ ಕೆಸರು ಹಕ್ಕಳೆಗಟ್ಟಿತ್ತು; ಅದರ ಕೆಳಗೆ ಸಣ್ಣ ಸಣ್ಣ ತುಕ್ಕಿನ ಚುಕ್ಕೆಗಳಿದ್ದವು. ನಾರಿನ ತುಂಬ ಇಟ್ಟಿಗೆ ಪುಡಿ ತೆಗೆದುಕೊಂಡು ದೀಪದ ಕಂಬ ಬೆಳಗುವಂತೆ ಸುತ್ತಲೂ ಉಜ್ಜಿದೆ. ತೋಳು ನೋಯುವವರೆಗೆ ಉಜ್ಜಿದೆ. ಆಮೇಲೆ ಬಿಂದಿಗೆಯಲ್ಲಿ ನೀರು ತಂದು ಹುಯ್ದೆ. ಸೀಲಿನ ತುಟಿಯ ಒಳಗೆ ಸೇರಿಕೊಂಡ ಪುಡಿಯನ್ನು ಆ ನೀರು ತೊಳೆಯಲಿಲ್ಲ, ಇನ್ನಷ್ಟು ಒಳಕ್ಕೆ ತಳ್ಳಿತು ಎಂಬುದು ಈಗ ಗೊತ್ತು.

ಅಪ್ಪ ಬಗ್ಗಿ ನೋಡಿ, "ಏನ್ ಮಗಾ, ಇದ್ರಲ್ಲಿ ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬೋದು" ಎಂದು ನಕ್ಕರು. ಮರುದಿನ ಆ ರಾಡಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದವಳೂ ನಾನೇ.

ಕೆಲವು ವಾರಗಳಲ್ಲಿ ಸೋರಿಕೆ ಶುರುವಾಯಿತು. ಮೊದಲು ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಲ್ಲಿ ಅಂಗೈ ಅಗಲದ ಕಲೆ. ಆಮೇಲೆ ಮುಂದಿನ ಚಕ್ರದ ಒಳಮೈಯೆಲ್ಲ ಎಣ್ಣೆ, ಅದಕ್ಕೆ ಅಂಟಿದ ಧೂಳು, ಒಟ್ಟಿನಲ್ಲಿ ಕರಿಯ ಜಿಡ್ಡು. ಸ್ಟೀರಿಂಗ್ ತಿರುಗಿಸಿದಾಗ ಎಣ್ಣೆಯ ಪಂಪು ಹೊಟ್ಟೆನೋವು ಬಂದವರಂತೆ ನರಳತೊಡಗಿತು. ರಾಗಿ ಕೊಯ್ಲು ಹತ್ತಿರವಾಗಿತ್ತು. ಟ್ರ್ಯಾಕ್ಟರಿಗೆ ಇನ್ನೂ ವಾರಂಟಿ ಇದ್ದುದರಿಂದ ಅಪ್ಪ ಹೆದ್ದಾರಿ ಬದಿಯಲ್ಲಿರುವ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರು. ಅಲ್ಲಿಂದ ಒಬ್ಬ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಮೂವತ್ತೈದರ ಆಸುಪಾಸಿನವನು, ಮಾತು ಕಡಿಮೆ, ಕೈ ಚುರುಕು.

ನಾನು ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿದೆ. ಏನೇ ನಡೆದರೂ ದಾಖಲೆ ಇರಬೇಕು ಎಂಬುದು ಹಾಸ್ಟೆಲಿನ ಹೋರಾಟದ ದಿನಗಳಲ್ಲಿ ಅಂಟಿದ ಅಭ್ಯಾಸ. ಕೆಟ್ಟ ಊಟವನ್ನು ಚಿತ್ರೀಕರಿಸಿ ವಾರ್ಡನ್ನರಿಂದ ಲಿಖಿತ ಉತ್ತರ ಪಡೆದವರು ನಾವು. ಮೆಕ್ಯಾನಿಕ್ ನಮ್ಮ ಅಂಗಳದಲ್ಲೇ ಸಿಲಿಂಡರಿನ ಬಾಯಿಯ ಮುಚ್ಚಳ ಬಿಚ್ಚಿ, ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದ. ಬಟ್ಟೆಯಿಂದ ಒರೆಸಿದ. ಆ ಬಟ್ಟೆಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದ:

"ಸಾರ್, ರಾಡ್ ಮೇಲೆ ಗೀರು ಬಿದ್ದೈತೆ. ಉಗುರು ಆಡಿಸಿ ನೋಡಿ, ಸಿಕ್ಕಾಕೊಳ್ತದೆ. ಸೀಲ್ ಹಾಕ್ಕೊಡ್ತೀನಿ, ಆದ್ರೆ ಜಾಸ್ತಿ ದಿವ್ಸ ನಿಲ್ಲಲ್ಲ. ರಾಡೇ ಬದ್ಲಾಯಿಸ್ಬೇಕು, ಆಫೀಸ್‌ಗೆ ಬರ್ಕೊಡ್ತೀನಿ. ಅಲ್ಲೀಗಂಟ ದಿನಾ ಎಣ್ಣೆ ನೋಡ್ಕೊಳಿ. ಲೋಡ್ ಹಾಕ್ಕೊಂಡು ಕೆರೆ ಏರಿ ಮೇಲೆ ಮಾತ್ರ ಹೋಗ್ಬೇಡಿ."

ಅಪ್ಪ ತಲೆಯಾಡಿಸಿದರು. ಇದೆಲ್ಲವೂ ನನ್ನ ಫೋನಿನಲ್ಲಿ ದಾಖಲಾಯಿತು.

ರಾಡು ಬರಲಿಲ್ಲ. ಕೊಯ್ಲು ಬಂತು. ಎರಡನೆಯ ವಾರದಲ್ಲಿ ಅಪ್ಪ ಟ್ರೈಲರ್ ತುಂಬ ರಾಗಿ ಕಟ್ಟು ಹೇರಿಕೊಂಡು ಏರಿಯ ಮೇಲೆ ಬರುತ್ತಿದ್ದಾಗ ಎಣ್ಣೆ ಖಾಲಿಯಾಗಿತ್ತು. ತಿರುವಿನಲ್ಲಿ ಸ್ಟೀರಿಂಗ್ ಸುಮ್ಮನೆ ಗಿರಗಿರ ಸುತ್ತಿತು, ಚಕ್ರಗಳು ಮಾತ್ರ ನೇರಕ್ಕೇ ನಡೆದವು. ಮುಂದಿನ ಚಕ್ರ ಏರಿಯಿಂದ ಇಳಿದು ಒಂದು ಬಂಡೆಗೆ ಒತ್ತಿಕೊಂಡು ನಿಂತಿತು. ಆ ಬಂಡೆ ಅಲ್ಲಿರದಿದ್ದರೆ ಈ ಬರಹ ಬೇರೆಯದೇ ಆಗಿರುತ್ತಿತ್ತು. ಅಪ್ಪನ ಎಡಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನನ್ನೊಳಗೆ ಎದ್ದ ಸಿಟ್ಟನ್ನು ನಾನು ಈಗಲೂ ಅಲ್ಲಗಳೆಯಲಾರೆ. ಮಾರುವಾಗ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವವರು, ಕೆಟ್ಟಾಗ ಅಂಗಳಕ್ಕೆ ಒಬ್ಬನನ್ನು ಬೈಕಿನಲ್ಲಿ ಅಟ್ಟಿ ಕೈತೊಳೆದುಕೊಳ್ಳುತ್ತಾರೆ. ರೈತನ ಮಣಿಕಟ್ಟಿಗೆ ವಾರಂಟಿ ಇಲ್ಲ. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿಗೆ ಒಂದು ಮುಖ ಬೇಕಿತ್ತು. ನನ್ನ ಫೋನಿನಲ್ಲಿ ಒಂದೇ ಮುಖ ಇತ್ತು.

ಮರುದಿನ ಬೆಳಿಗ್ಗೆ ಕೂತು ದೂರು ಬರೆದೆ. ತರಬೇತಿ ಇಲ್ಲದ ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಮೀಟಿ ರಾಡಿನ ಮೇಲೆ ಗೀರು ಎಬ್ಬಿಸಿದ್ದಾನೆ, ಅದರಿಂದಲೇ ಹೊಸ ಸೀಲು ಹರಿದಿದೆ, ನನ್ನ ತಂದೆ ಪ್ರಾಣಾಪಾಯದಿಂದ ಪಾರಾಗಿದ್ದಾರೆ ಎಂದು ಬರೆದೆ. ಆತನ ಹೆಸರನ್ನೂ ಬರೆದೆ. ಸರ್ವೀಸ್ ಸೆಂಟರಿನ ಮ್ಯಾನೇಜರಿಗೂ ಕಂಪನಿಯ ಮುಖ್ಯ ಕಚೇರಿಗೂ ಕಳಿಸಿ, ವಿಡಿಯೋವನ್ನು ಜಾಲತಾಣದಲ್ಲಿ ಹಾಕಿದೆ. ಉದ್ದದ ವಿಡಿಯೋ ಯಾರೂ ನೋಡುವುದಿಲ್ಲ. ಆದ್ದರಿಂದ ಹಿಂದೆ ಮುಂದೆ ಕತ್ತರಿಸಿ, ಸ್ಕ್ರೂಡ್ರೈವರ್ ಹಿಡಿದ ಕೈ ಮತ್ತು ಆತನ ಮುಖ ಉಳಿಯುವಂತೆ ಮಾಡಿದೆ. ಆತ ಎಚ್ಚರಿಕೆ ಹೇಳಿದ ಭಾಗ ಕತ್ತರಿಗೆ ಹೋಯಿತು. ಕತ್ತರಿಸುವಾಗ ಆ ಮಾತು ನನಗೆ ಕೇಳಿಸಿತ್ತು. ಕೇಳಿಸಿಯೂ ಕತ್ತರಿಸಿದೆ ಎಂದು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಗೀರು ತಾನೇ ಎಬ್ಬಿಸಿ ಈಗ ತಪ್ಪಿಸಿಕೊಳ್ಳಲು ಹೇಳುತ್ತಿರುವ ನೆಪ ಅದು ಎಂದು ತೀರ್ಮಾನಿಸಿದವಳು ನಾನೇ, ಯಾರನ್ನೂ ಕೇಳಲಿಲ್ಲ.

ವಾರದೊಳಗೆ ಉತ್ತರ ಬಂತು. ವಿಷಾದ, ಉಚಿತ ದುರಸ್ತಿಯ ಭರವಸೆ, ಕೊನೆಗೆ ಒಂದು ಸಾಲು: ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ. ಗೆಳತಿಯರು ಅಭಿನಂದಿಸಿದರು. ನಾನು ಆ ಸಾಲನ್ನು ಎರಡು ಸಲ ಓದಿ ಸಂತೋಷಪಟ್ಟೆ.

ಉಚಿತ ದುರಸ್ತಿಯನ್ನು ಅಪ್ಪ ಒಪ್ಪಲಿಲ್ಲ. "ಅವರ ಸಹವಾಸ ಸಾಕು" ಎಂದರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬೀದಿಯೊಂದರ ಕೊನೆಯಲ್ಲಿ ಒಬ್ಬ ಹಿರಿಯರ ವರ್ಕ್‌ಶಾಪಿತ್ತು. ಹಿಂದೆ ಮಗ್ಗಗಳ ಬಿಡಿಭಾಗ ಕಡೆಯುತ್ತಿದ್ದವರು ಈಗ ಇಂಥ ಸಿಲಿಂಡರುಗಳನ್ನು ರಿಪೇರಿ ಮಾಡುತ್ತಿದ್ದರು. ಅವರ ಬಳಿಗೆ ಒಯ್ಯಲು ಸಿಲಿಂಡರನ್ನು ನಾವೇ ಬಿಚ್ಚಬೇಕಿತ್ತು. ಅಪ್ಪನ ಒಂದು ಕೈ ಪಟ್ಟಿಯಲ್ಲಿತ್ತು. ಹಾಗಾಗಿ ಬಾಯಿ ಅವರದು, ಕೈ ನನ್ನದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಎಣ್ಣೆಯ ಎರಡು ಪೈಪು ಕಳಚಿ ಅವುಗಳ ಬಾಯಿಗೆ ಪ್ಲಾಸ್ಟಿಕ್ ಚೀಲ ಬಿಗಿದೆ. ಎರಡೂ ತುದಿಯ ಪಿನ್ನುಗಳನ್ನು ಸುತ್ತಿಗೆಯಿಂದ ಬಡಿದು ಇಳಿಸಿದೆ.

"ಮೆತ್ತಗೆ ಕಣಮ್ಮ. ಅದೇನು ನಿಮ್ಮ ವಾರ್ಡನ್ನಾ, ಆ ಪಾಟಿ ಬಡಿಯೋಕೆ?" ಎಂದರು ಅಪ್ಪ.

ಅದು ನಾವಿಬ್ಬರೂ ಹಗುರವಾಗಿ ನಕ್ಕ ಕೊನೆಯ ಸಲ ಇರಬೇಕು.

ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋದೆವು. ವರ್ಕ್‌ಶಾಪಿನ ಹಿರಿಯರು ಅದನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಮುಚ್ಚಳ ತಿರುಗಿಸಿ, ರಾಡನ್ನು ನಿಧಾನವಾಗಿ ಹೊರಗೆಳೆದರು. ಬಾಗಿಲ ಬೆಳಕಿಗೆ ಹಿಡಿದು ಹೆಬ್ಬೆರಳಿನ ಉಗುರನ್ನು ಅದರ ಮೈಮೇಲೆ ಆಡಿಸಿದರು. ಕಿರ್ರ್ ಎಂದಿತು. ಆಮೇಲೆ ಮುಚ್ಚಳದ ಒಳಗೆ ಸೀಲು ಕೂರುವ ತೋಡನ್ನು ಕಡ್ಡಿಯಿಂದ ಕೆರೆದು, ಬಂದದ್ದನ್ನು ಒಂದು ತಟ್ಟೆಯ ಡೀಸೆಲಿನಲ್ಲಿ ಅಲ್ಲಾಡಿಸಿದರು. ತಳದಲ್ಲಿ ಕೆಂಪಗೆ ಸಣ್ಣ ಹರಳು ಕೂತವು.

"ಹಬ್ಬಕ್ಕೆ ಉಜ್ಜಿದ್ರಾ ಯಜಮಾನ್ರೇ?"

ಅಪ್ಪ ನನ್ನ ಕಡೆ ತಿರುಗಿದರು. ನಾನು ಕೇಳಿದೆ, "ಅದು ಹೊಲದ ಮಣ್ಣಲ್ವಾ? ನಮ್ಮ ಕಡೆ ಮಣ್ಣೇ ಕೆಂಪು."

"ಮಣ್ಣಾಗಿದ್ರೆ ಕಲಕೊಂಡು ಬಗ್ಗಡ ಆಗೋದವ್ವ. ಇದು ನೋಡು, ಮರಳಂಗೆ ತಳ ಕಚ್ಚೈತೆ. ಇಟ್ಟಿಗೆ. ಪ್ರತಿ ವರ್ಷ ಹಬ್ಬ ಆದ್ಮೇಲೆ ಇಂಥವು ಎರಡು ಮೂರು ಬರ್ತಾವೆ ನಂತಾವ. ಒಬ್ಬ ಉಪ್ಪು ಕಾಗದದಲ್ಲಿ ಉಜ್ಜಿರ್ತಾನೆ, ಒಬ್ಬಳು ಬೂದಿ ಹಾಕಿರ್ತಾಳೆ. ದೀಪ ಬೆಳಗ್ದಂಗೆ ಬೆಳಗ್ಬಿಡ್ತೀರಿ. ಇದು ಹೊಳೆಯೋದು ಭಕ್ತಿಗಲ್ಲ ತಾಯಿ, ಕೆಲಸಕ್ಕೆ."

ನಾನು ಸೋಲು ಒಪ್ಪಲು ಇನ್ನೂ ಸಿದ್ಧಳಿರಲಿಲ್ಲ. "ಸೀಲ್ ತೆಗೆಯುವಾಗ ಸ್ಕ್ರೂಡ್ರೈವರ್ ತಗುಲಿ ಆಗಿರಬಹುದಲ್ಲ?"

ಅವರು ರಾಡನ್ನು ನನ್ನ ಕೈಗೇ ಕೊಟ್ಟರು. "ಸ್ಕ್ರೂಡ್ರೈವರ್ ಗೀರಾದ್ರೆ ಒಂದ್ ಕಡೆ ಇರ್ತಿತ್ತು. ಇದು ಬಳೆ ಬಳೆಯಂಗೆ ಸುತ್ತಾ ಐತೆ. ಕೈಯಲ್ಲಿ ತಿಕ್ಕಿರೋದು. ಈ ಉದ್ದದ ಗೆರೆಗಳು ಐತಲ್ಲ, ಅದು ಸೀಲ್ ಒಳಗೆ ಸಿಕ್ಕೊಂಡ ಪುಡಿ ಎಳೆದಿರೋದು. ಸೀಲ್ ಹಾಕ್ದೋನು ಒಳ್ಳೆ ಕೆಲಸಗಾರ, ನೀಟಾಗಿ ಕೂರ್ಸವ್ನೆ. ಯಾರು?"

ಪಕ್ಕದ ಮನೆಯ ಮಗ್ಗಗಳ ಸದ್ದು ಗೋಡೆಯೊಳಗಿಂದ ಬರುತ್ತಲೇ ಇತ್ತು. ರಾಡು ನನ್ನ ಅಂಗೈಯಲ್ಲಿತ್ತು. ಉಂಗುರದಂತೆ ಸುತ್ತಿದ ಆ ಗೆರೆಗಳು ನನ್ನ ಕೈ ತಿರುಗಿದ ದಿಕ್ಕಿನಲ್ಲೇ ಇದ್ದವು.

ಹೊರಗೆ ಬಂದು ಟೀ ಅಂಗಡಿಯ ಮುಂದೆ ನಿಂತಾಗ ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು. "ಇದು ಇಲ್ಲಿಗೇ ಮುಗೀಲಿ. ಊರಲ್ಲಿ ಬಾಯಿ ಬಿಡ್ಬೇಡ."

"ಅವನ ಕೆಲಸ ಹೋಯ್ತಲ್ಲಪ್ಪಾ."

"ಮೆಕ್ಯಾನಿಕ್‌ಗೆ ಎಲ್ಲಾದ್ರೂ ಕೆಲಸ ಸಿಗುತ್ತೆ." ಅಂಗಡಿಯವನಿಗೆ ಎರಡು ಬೆರಳು ತೋರಿಸಿ ಟೀ ಹೇಳಿದರು. "ಏರಿ ಮೇಲೆ ಹೋಗ್ಬೇಡಿ ಅಂತ ನಂಗೆ ಹೇಳಿದ್ದ ಕಣಮ್ಮ. ಹೋದೆ. ನೀನು ವಿಡಿಯೋದಲ್ಲಿ ಆ ಮಾತು ತೆಗೆದಾಕಿದ್ದು ನೋಡ್ದೆ. ಒಳ್ಳೇದೇ ಆಯ್ತು ಅಂದ್ಕೊಂಡು ಸುಮ್ನಾದೆ."

ಅಪ್ಪನನ್ನು ಅಷ್ಟು ಚಿಕ್ಕವರಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನೂ ಅಷ್ಟೇ ಚಿಕ್ಕವಳಾಗಿ ಅವರ ಪಕ್ಕದಲ್ಲಿ ನಿಂತಿದ್ದೆ. ಇಬ್ಬರೂ ಟೀ ಕುಡಿದೆವು.

ವರ್ಕ್‌ಶಾಪಿನವರು ರಾಡನ್ನು ಪೀಣ್ಯದ ಕಾರ್ಖಾನೆಯೊಂದಕ್ಕೆ ಕಳಿಸಿ, ಗೀರು ಹೋಗುವಂತೆ ತೇಯಿಸಿ, ಹೊಸದಾಗಿ ಕ್ರೋಮ್ ಮಾಡಿಸಿ ತಂದರು. ಹೊಸ ಸೀಲನ್ನು ಬಿಸಿ ಎಣ್ಣೆಯಲ್ಲಿ ಮೆದುವಾಗಿಸಿ, ಬೆರಳಿನಿಂದಲೇ ಕೂರಿಸಿದರು. ಮನೆಗೆ ತಂದು ಜೋಡಿಸಿದ ಮೇಲೆ, ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಾರು ಸಲ ತಿರುಗಿಸಿದೆ. ಎಣ್ಣೆಯ ಡಬ್ಬದಲ್ಲಿ ಗುಳ್ಳೆಗಳು ಎದ್ದು ಎದ್ದು ನಿಂತವು. ಒಳಗಿನ ಗಾಳಿ ಹೋಯಿತು, ಪಂಪಿನ ನರಳಾಟ ನಿಂತಿತು. ರಾಡಿನ ಕೆಳಗೆ ಹಾಸಿದ ರಟ್ಟು ಒಣಗಿಯೇ ಇತ್ತು. ಯಂತ್ರದ ಮಟ್ಟಿಗೆ ತಪ್ಪು ಸರಿಯಾಯಿತು.

ಆ ವಾರವೇ ಎರಡನೆಯ ಪತ್ರ ಬರೆದೆ. ಇಟ್ಟಿಗೆ ಪುಡಿ, ಕತ್ತರಿಸಿದ ವಿಡಿಯೋ, ಎಲ್ಲವನ್ನೂ ಬರೆದು, ಮೆಕ್ಯಾನಿಕ್‌ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕೇಳಿದೆ. ಪೂರ್ತಿ ವಿಡಿಯೋವನ್ನು, ನನ್ನ ತಪ್ಪೊಪ್ಪಿಗೆಯ ಜೊತೆ, ಅದೇ ಜಾಲತಾಣದಲ್ಲಿ ಹಾಕಿದೆ. ಮೊದಲನೆಯದನ್ನು ಹಂಚಿದವರಲ್ಲಿ ಹೆಚ್ಚಿನವರು ಇದನ್ನು ಹಂಚಲಿಲ್ಲ. ಗೆಳತಿಯೊಬ್ಬಳು ಫೋನ್ ಮಾಡಿ, "ಇದೆಲ್ಲ ಯಾಕೆ ಹಾಕಿದೆ? ಕಂಪನಿಯವರಿಗೆ ನೀನೇ ಅಸ್ತ್ರ ಕೊಟ್ಟಂಗಾಯ್ತು" ಎಂದು ಬೈದಳು. ಪತ್ರಕ್ಕೆ ಉತ್ತರ ಬರಲಿಲ್ಲ. ಎರಡು ವಾರ ಕಾದು ನಾನೇ ಸರ್ವೀಸ್ ಸೆಂಟರಿಗೆ ಹೋದೆ.

ಮ್ಯಾನೇಜರ್ ಗೌರವದಿಂದಲೇ ಕೂರಿಸಿದರು. ನನ್ನ ಹೆಸರು ಅವರಿಗೆ ಚೆನ್ನಾಗಿ ನೆನಪಿತ್ತು.

"ನಿಮ್ಮ ಪತ್ರ ನೋಡ್ದೆ ಮೇಡಂ. ಆದ್ರೆ ಆ ವಿಷಯ ಕ್ಲೋಸ್ ಆಗಿದೆ. ಆ ಜಾಗಕ್ಕೆ ಬೇರೆ ಹುಡುಗ ಬಂದಾಯ್ತು."

"ರಾಡ್ ಬದಲಾಯಿಸಬೇಕು ಅಂತ ಅವರು ನಿಮಗೆ ಬರೆದು ಕೊಟ್ಟಿದ್ದರಾ?"

ಅವರು ಕಡತದಿಂದ ಆ ದಿನದ ದುರಸ್ತಿಯ ಜಾಬ್ ಕಾರ್ಡ್ ತೆಗೆದು ನನ್ನತ್ತ ತಿರುಗಿಸಿದರು. ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ರಾಡ್ ಗೀರಾಗಿದೆ, ಬದಲಿಸಬೇಕು, ಗಾಡಿ ಓಡಿಸುವುದು ಅಪಾಯ. ಕಾರಣ ಎಂಬಲ್ಲಿ, ಕೆಸರು ಮತ್ತು ಧೂಳು. ಅದರ ಕೆಳಗೆ ಬೇರೊಂದು ಕೈಯ ಸಹಿ, ಸದ್ಯ ಸೀಲು ಸಾಕು.

"ಹಾಗಾದರೆ ನಿಮಗೆ ಗೊತ್ತಿತ್ತು. ಅಪಾಯ ಅಂತ ಬರೆದವನನ್ನು ತೆಗೆದು, ಸೀಲು ಸಾಕು ಅಂತ ಸಹಿ ಹಾಕಿದವರನ್ನು ಇಟ್ಟುಕೊಂಡಿದ್ದೀರಿ."

"ಸಹಿ ನಂದೇ ಮೇಡಂ" ಎಂದರು ಅವರು, ಬೇಸರದಿಂದ. "ರಾಡ್‌ಗೆ ಮೇಲಿಂದ ಒಪ್ಪಿಗೆ ಬರೋಕೆ ತಿಂಗಳಾಗುತ್ತೆ. ಎಲ್ಲ ಗಾಡಿಗೂ ಹಂಗೇ ಮಾಡೋದು. ನಿಮ್ಮ ವಿಡಿಯೋ ಓಡ್ತಾ ಇತ್ತು, ಏನಾದ್ರೂ ಕ್ರಮ ತೋರ್ಸಿ ಅಂತ ಮೇಲಿಂದ ಫೋನ್ ಬಂತು. ವಿಡಿಯೋದಲ್ಲಿ ಇದ್ದೋನು ಅವನೊಬ್ಬನೇ ಅಲ್ವಾ? ಅವನ ಹೆಸರು ಬರೆದುಕೊಟ್ಟೋರು ನೀವೇ ಅಲ್ವಾ?"

ಈ ವ್ಯವಸ್ಥೆಯ ಮೇಲೆ ನನ್ನ ಆರೋಪ ಈಗಲೂ ನಿಂತಿದೆ. ಅಪಾಯವೆಂದು ಲಿಖಿತವಾಗಿ ತಿಳಿದ ಮೇಲೂ ಆ ಟ್ರ್ಯಾಕ್ಟರನ್ನು ಹೊಲಕ್ಕೆ ಬಿಟ್ಟವರು ಉತ್ತರ ಕೊಡಬೇಕು. ಆ ಕಾರ್ಡಿನ ಫೋಟೊ ಇಟ್ಟುಕೊಂಡು ನಾನು ಇವತ್ತಿಗೂ ಬರೆಯುತ್ತಲೇ ಇದ್ದೇನೆ. ಆದರೆ ಬಲಿಗೆ ಯಾರು ಬೇಕು ಎಂದು ಅವರು ಹುಡುಕುವ ಮೊದಲೇ ಕುತ್ತಿಗೆಗೆ ಹಾರ ಹಾಕಿ ಒಬ್ಬನನ್ನು ಅವರ ಬಾಗಿಲಿಗೆ ತಂದು ನಿಲ್ಲಿಸಿದ್ದವಳು ನಾನು. ಅವರ ಕೆಲಸ ಸುಲಭವಾಯಿತು.

ಮೆಕ್ಯಾನಿಕ್ ಈಗ ಎಲ್ಲಿದ್ದಾನೆ ಎಂದು ಅಲ್ಲಿಯ ಕಾವಲುಗಾರ ಹೇಳಿದ. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಶೆಡ್. ಮಧ್ಯಾಹ್ನ ಮೂರರ ಸುಮಾರಿಗೆ ಹೋದೆ. ಆತ ಒಂದು ದೊಡ್ಡ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಮೆಕ್ಯಾನಿಕ್ ಆಗಿದ್ದವನಿಗೆ ಅಲ್ಲಿ ಕೊಟ್ಟಿದ್ದು ಸಹಾಯಕನ ಕೆಲಸ. ನನ್ನನ್ನು ನೋಡಿದ ಕೂಡಲೇ ಗುರುತಿಸಿದ. ಎದ್ದು ನಿಂತು ಕೈ ಒರೆಸಿಕೊಂಡ.

ನಾನು ಎಲ್ಲವನ್ನೂ ಹೇಳಿದೆ. ಆತ ಕೊನೆಯವರೆಗೆ ಕೇಳಿಸಿಕೊಂಡ.

"ಇಟ್ಟಿಗೆ ಪುಡಿ ಅಂತ ಅವತ್ತೇ ಗೊತ್ತಾಯ್ತು ಮೇಡಂ. ಬಟ್ಟೆಗೆ ಅಂಟಿತ್ತಲ್ಲ."

"ಮತ್ತೆ ಕಾರ್ಡಿನಲ್ಲಿ ಕೆಸರು ಅಂತ ಬರೆದಿರಿ?"

"ಇಟ್ಟಿಗೆ ಅಂತ ಬರೆದಿದ್ರೆ ನಿಮ್ ವಾರಂಟಿ ಹೋಗ್ತಿತ್ತು. ನಿಮ್ ತಂದೆಯವರು ಅವತ್ತು ಊಟ ಮಾಡ್ಕೊಂಡು ಹೋಗು ಅಂದಿದ್ರು." ಅದನ್ನು ಆತ ಯಾವ ಭಾರವೂ ಇಲ್ಲದೆ ಹೇಳಿದ.

ನಾನು ಚೀಲದಿಂದ ಎರಡನೆಯ ಪತ್ರದ ಪ್ರತಿ ತೆಗೆದೆ. ಇಬ್ಬರೂ ಸೇರಿ ಕಾರ್ಮಿಕ ಇಲಾಖೆಗೆ ಹೋಗೋಣ, ಜಾಬ್ ಕಾರ್ಡಿನ ಫೋಟೊ ನನ್ನ ಬಳಿ ಇದೆ, ನೀವು ಸಹಿ ಮಾಡಿದರೆ ಸಾಕು ಎಂದೆ. ಆತ ಕಾಗದ ಮುಟ್ಟಲಿಲ್ಲ.

"ಬೇಡ ಮೇಡಂ. ಕಂಪ್ಲೇಂಟ್ ಕೊಟ್ಟೋನು ಅಂದ್ರೆ ಈ ಲೈನಲ್ಲಿ ಯಾರೂ ಒಳಗೆ ಬಿಟ್ಕೊಳಲ್ಲ. ನಿಮಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ..." ಶೆಡ್ಡಿನೊಳಗೆ ಕೆಲಸ ಮಾಡುತ್ತಿದ್ದವರ ಕಡೆ ನೋಡಿ ದನಿ ತಗ್ಗಿಸಿದ. "ಇವ್ರೆಲ್ಲ ಆ ವಿಡಿಯೋ ನೋಡವ್ರೆ. ಓನರ್ರೂ ನೋಡವ್ರೆ. ನನ್ನ ಕೈಗೆ ಸ್ಪ್ಯಾನರ್ ಕೊಡಲ್ಲ. ನೀವು ಇಲ್ಲಿ ಬಾಯಲ್ಲಿ ಹೇಳಿ. ಅಷ್ಟು ಸಾಕು."

ಸಭೆಗಳಲ್ಲಿ ಮಾತಾಡಿ ಅಭ್ಯಾಸವಿದ್ದ ನನಗೆ ಆ ಆರೇಳು ಜನರ ಮುಂದೆ ನಿಲ್ಲುವುದೇ ಕಷ್ಟವಾಯಿತು. ಶೆಡ್ಡಿನ ಮಾಲೀಕರನ್ನು ಕರೆದು ನಿಂತುಕೊಂಡೇ ಹೇಳಿದೆ. ಆ ಗೀರು ಎಬ್ಬಿಸಿದ್ದು ನಾನು. ಹಬ್ಬಕ್ಕೆ ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ಇವರು ಸರಿಯಾಗಿ ಕೆಲಸ ಮಾಡಿದ್ದರು, ಎಚ್ಚರಿಕೆಯನ್ನೂ ಹೇಳಿದ್ದರು. ಆ ಮಾತನ್ನು ವಿಡಿಯೋದಿಂದ ಕತ್ತರಿಸಿದ್ದು ನಾನು.

ಯಂತ್ರದ ಕೆಳಗಿನಿಂದ ಒಬ್ಬ ತಲೆ ಹೊರಹಾಕಿದ. "ಇಟ್ಟಿಗೆ ಪುಡೀನಾ? ಸೀಗೆಪುಡಿ ಹಾಕಿ ನೀರೆರೀಲಿಲ್ವಾ ಅದಕ್ಕೆ?"

"ಅಕ್ಕೋರು ಎಷ್ಟು ಓದವ್ರೆ?" ಎಂದ ಇನ್ನೊಬ್ಬ.

"ಎಂ.ಎ." ಎಂದೆ.

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ. ಮಧ್ಯಾಹ್ನದ ಬೇಸರಕ್ಕೆ ಒಂದು ತಮಾಷೆ ಸಿಕ್ಕಿತ್ತು. ಮೆಕ್ಯಾನಿಕ್ ಮಾತ್ರ ನಗದೆ ಮಾಲೀಕರ ಮುಖವನ್ನೇ ನೋಡುತ್ತಿದ್ದ. ಅವರ ಬಾಯಿಂದ ಏನೋ ಬರಲಿದೆ ಎಂದು ನಾನೂ ಕಾದೆ.

"ಆಯ್ತಮ್ಮ, ಹೇಳಿದ್ರಲ್ಲ, ಒಳ್ಳೇದಾಯ್ತು ಬಿಡಿ. ಟೀ ಕುಡೀತೀರಾ?" ಎಂದರು ಮಾಲೀಕರು. ಆಗಲೇ ಅವರ ಫೋನು ಬಡಿಯಿತು. "ಏಯ್, ನಡೀರ್ಲಾ, ಸಾಯಂಕಾಲ ಗಾಡಿ ಕಳಿಸ್ಬೇಕು" ಎನ್ನುತ್ತ ಹೊರಗೆ ನಡೆದರು.

ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಬಗ್ಗಿದರು. ನಾನು ಆತನಿಗೆ ಏನಾದರೂ ಹೇಳಬೇಕೆಂದುಕೊಂಡೆ. ಆತ "ಹೋಗ್ಬನ್ನಿ ಮೇಡಂ, ಬಸ್ಸು ಬರೋ ಹೊತ್ತು" ಎಂದು ಮತ್ತೆ ಬೋಲ್ಟುಗಳ ಮುಂದೆ ಕೂತ. ರಸ್ತೆಗೆ ಬರುವಷ್ಟರಲ್ಲಿ ಯಂತ್ರದ ಕೆಳಗಿನವನ ದನಿ ಕೇಳಿಸಿತು.

"ಲೇ ವಿಡಿಯೋ, ಆ ಇಪ್ಪತ್ನಾಕರ ಸ್ಪ್ಯಾನರ್ ತತ್ತಾರೋ ಇಲ್ಲಿ."

ತಿರುಗಿ ನೋಡಿದೆ. ಆತ ಎದ್ದು, ಗೋಡೆಯಿಂದ ಸ್ಪ್ಯಾನರ್ ತೆಗೆದು, ಒರೆಸಿ, ಕೆಳಗೆ ಚಾಚಿದ್ದ ಕೈಗೆ ಕೊಟ್ಟ.